ಓದುವ ಮಕ್ಕಳಿಗೊಂದು ಸೂರು
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಗಳೊಬ್ಬರು ಆಡಿದ ಮಾತುಗಳು)



ನಾನು ಭಾಷಣ ಮಾಡುವವನಲ್ಲ, ತಕ್ಕಡಿ ಹಿಡಿದು ಬದುಕಿದವನು. ಎರಡು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದರಿಂದ ನಿಂತಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು.

ನಮ್ಮ ಮಕ್ತಲ್, ನಾರಾಯಣಪೇಟೆ ಕಡೆಯವರೆಲ್ಲ ಗದ್ವಾಲಿಗೆ ಹೋಗಿ ಬಂದವರೇ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಆ ಸೀಮೆಯನ್ನು ಆಳಿದ ಪೆದ್ದ ಸೋಮಭೂಪಾಲರು ಕಟ್ಟಿಸಿದ ಕೋಟೆ ಅಲ್ಲಿದೆ. ಕೋಟೆಯೊಳಗೆ ಚೆನ್ನಕೇಶವ ಸ್ವಾಮಿಯ ಗುಡಿ ಇದೆ. ಪಂಡಿತರನ್ನು ಕರೆಸಿ ಸನ್ಮಾನಿಸುತ್ತಿದ್ದ ಸಂಸ್ಥಾನವಾದ್ದರಿಂದ 'ವಿದ್ವದ್ಗದ್ವಾಲ್' ಎಂದೇ ಹೆಸರು. 1949ರಲ್ಲಿ ಸಂಸ್ಥಾನ ಹೋಯಿತು. ಆದರೆ ಕೋಟೆಯೊಳಗೆ ಮಹಾರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಕಾಲೇಜು ನಡೆಯಿತು. ರಾಜರಿದ್ದ ಕಡೆ ರೈತರ ಮಕ್ಕಳು ಕುಳಿತು ಓದಿದರು. ವನಪರ್ತಿಯಲ್ಲಿಯೂ 1959ರಲ್ಲಿ ಅರಮನೆಯೇ ಪಾಲಿಟೆಕ್ನಿಕ್ ಆಯಿತು.

ಕಾಲೇಜು ಬಂದರೆ ಸಾಲದು ಬಾಂಧವರೆ. ಹಳ್ಳಿಯ ಹುಡುಗ ರಾತ್ರಿ ಎಲ್ಲಿ ಮಲಗಬೇಕು? ಇದನ್ನು ಮೊದಲೇ ಯೋಚಿಸಿದವರು ವನಪರ್ತಿ ಸೀಮೆಯಲ್ಲಿ ಹುಟ್ಟಿ, ಮುಂದೆ ಹೈದರಾಬಾದಿನ ಕೊತ್ವಾಲರಾದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರು. 1918ರಲ್ಲಿ ಅವರು ಹೈದರಾಬಾದಿನಲ್ಲಿ ರೆಡ್ಡಿ ಹಾಸ್ಟೆಲ್ ತೆರೆದರು. ಅದರ ಆಡಳಿತ ನೋಡಿಕೊಂಡು ಪುಸ್ತಕ ಭಂಡಾರ ಬೆಳೆಸಿದವರು ಗದ್ವಾಲ್ ಸೀಮೆಯವರೇ ಆದ ಸುರವರಂ ಪ್ರತಾಪ ರೆಡ್ಡಿಯವರು. 1926ರಲ್ಲಿ 'ಗೋಲ್ಕೊಂಡ' ಪತ್ರಿಕೆ ಹೊರಡಿಸಿದವರೂ ಅವರೇ. ಆ ಹಾಸ್ಟೆಲಿನಲ್ಲಿದ್ದು ಓದಿದ ರಾವಿ ನಾರಾಯಣ ರೆಡ್ಡಿಯವರು 1952ರ ಚುನಾವಣೆಯಲ್ಲಿ ನಲ್ಗೊಂಡದಿಂದ ಗೆದ್ದು ಲೋಕಸಭೆಗೆ ಹೋದರು. ಮಲಗಲು ಚಾಪೆ, ಎರಡು ಹೊತ್ತು ಅನ್ನ, ಓದಲು ದೀಪ, ಇಷ್ಟು ಕೊಟ್ಟದ್ದರ ಫಲ ಎಲ್ಲಿಗೆ ಮುಟ್ಟಿತು ನೋಡಿ.

ಈಗ ನನ್ನ ಮಾತು. ಕನ್ನಡದಲ್ಲಿ ಓದಲೆಂದು ನಮ್ಮ ತಂದೆ ನನ್ನನ್ನು ಹೊಳೆಯಾಚೆ ರಾಯಚೂರಿಗೆ ಕಳಿಸಿದರು. ಬಂಧುಗಳ ಮನೆಯ ಪಡಸಾಲೆಯಲ್ಲಿ ಮಲಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಮುಂದೆ ಆ ಮನೆಯಲ್ಲೂ ಜಾಗವಿರಲಿಲ್ಲ. ಊರಿಗೆ ಬಂದು ಅಂಗಡಿಯ ಗಲ್ಲಾ ಮುಂದೆ ಕುಳಿತೆ. ದೇವರು ಕಡಿಮೆ ಮಾಡಿಲ್ಲ. ಆದರೂ ಮಕ್ಕಳು ಪುಸ್ತಕ ಹಿಡಿದು ಹೋಗುವಾಗ ಒಂದು ಗಳಿಗೆ ನೋಡುತ್ತೇನೆ.

ನಮ್ಮ ಗುಡಿಯ ಹಿಂದೆ ಯಾತ್ರಿಕರಿಗೆಂದು ಹಿರಿಯರು ಕಟ್ಟಿಸಿದ ಎರಡು ಕೋಣೆಗಳಿವೆ. ಜಾತ್ರೆಯ ದಿನಗಳು ಬಿಟ್ಟರೆ ಅವುಗಳಲ್ಲಿ ಏನಿರುತ್ತದೆ? ನನ್ನ ಅಂಗಡಿಯ ಬೆಲ್ಲ, ಅಕ್ಕಿ ಮೂಟೆ. ಬಾಡಿಗೆ ತಪ್ಪದೆ ಕೊಟ್ಟಿದ್ದೇನೆ, ರಸೀದಿಯೂ ಇದೆ. ಆದರೆ ಕಳೆದ ಪರೀಕ್ಷೆಯ ಕಾಲದಲ್ಲಿ ಹಳ್ಳಿಯ ಇಬ್ಬರು ಹುಡುಗರು ಗುಡಿಯ ಕಟ್ಟೆಯ ಮೇಲೆ ಬೀದಿ ದೀಪದ ಬೆಳಕಿನಲ್ಲಿ ಓದುತ್ತಿದ್ದರು. ಬಸ್ಸು ತಪ್ಪಿತ್ತಂತೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಮೂಟೆ ಕಳುವಾದೀತೆಂದು ನಾನು ತೆರೆಯಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆದುದರಿಂದ ಸ್ವಾಮಿಯ ಸನ್ನಿಧಿಯಲ್ಲಿ ಹೇಳುತ್ತಿದ್ದೇನೆ. ಜಾತ್ರೆ ಮುಗಿದ ಮೇಲೆ ಮೂಟೆಗಳು ಮತ್ತೆ ಒಳಗೆ ಬರುವುದಿಲ್ಲ. ಆ ಕೋಣೆಗಳು ಓದುವ ಮಕ್ಕಳಿಗಾಗಲಿ. ಕನ್ನಡದ ಮನೆಯೋ ತೆಲುಗಿನ ಮನೆಯೋ ಎಂದು ಕೇಳುವುದು ಬೇಡ, ಜಾತಿಯನ್ನಂತೂ ಕೇಳುವುದೇ ಬೇಡ. ಗುಡಿಗೆ ಬಾಡಿಗೆ ಹೋಗುತ್ತದೆಂದು ಕೆಲವು ಧರ್ಮದರ್ಶಿಗಳಿಗೆ ಚಿಂತೆ ಇದೆ, ಅದು ನ್ಯಾಯವೇ. ಮೊದಲ ವರ್ಷದ ಬಾಡಿಗೆಯನ್ನು ನಾನೇ ಕಟ್ಟುತ್ತೇನೆ. ಮುಂದಿನದು ನಿಮ್ಮದು. ಒಬ್ಬರು ಅಕ್ಕಿ ಕೊಡಿ, ಒಬ್ಬರು ಚಾಪೆ ಕೊಡಿ, ಮನೆಗೊಂದು ವಾರದ ಊಟ ಹಾಕುವ ನಮ್ಮ ಹಿರಿಯರ ಪದ್ಧತಿ ಮರಳಿ ಬರಲಿ. ಅರಮನೆ ಕೊಡಲು ನಾವು ರಾಜರಲ್ಲ, ಎರಡು ಕೋಣೆ ಕೊಡಬಲ್ಲೆವು.