ಕೆಟ್ಟಾಗಲೇ ನೋಡಬೇಕು

ಕಾಪುವಿನಂಥ ಕಡಲ ಊರಿನಲ್ಲಿ ಹಳೇ ಮಾರುತಿ 800 ಒಂದು ದಿನ ಸಲೀಸಾಗಿ ಸ್ಟಾರ್ಟ್ ಆಗುತ್ತದೆ; ಮರುದಿನ ಕೀ ತಿರುಗಿಸಿದರೆ ಬರೀ ಟಕ್ ಎನ್ನುತ್ತದೆ. ಬ್ಯಾಟರಿ ಹೋಯಿತು ಎಂದುಬಿಡುತ್ತೇವೆ. ಆದರೆ ಮೀಟರು 12.6 ವೋಲ್ಟ್ ತೋರಿಸಿದರೆ ಚಾರ್ಜ್ ಇದೆ ಎಂದರ್ಥ. ಆಗ ಟರ್ಮಿನಲ್ ನೋಡಬೇಕು: ಅಲ್ಲಿ ಕಟ್ಟಿದ ಬಿಳಿ-ಹಸಿರು ಪುಡಿ, ಉಪ್ಪುಗಾಳಿಗೆ ಅರ್ತ್ ವಯರಿನ ಬೋಲ್ಟಿಗೆ ಹಿಡಿದ ತುಕ್ಕು. ದೀಪ ಉರಿಯುವಷ್ಟು ಕರೆಂಟು ಅದನ್ನು ದಾಟುತ್ತದೆ. ಸ್ಟಾರ್ಟರ್ ಮೋಟರಿಗೆ ಬೇಕಾದಷ್ಟು ದಾಟುವುದಿಲ್ಲ.

ಹೊಸ ಬ್ಯಾಟರಿ ಹಾಕಿದ ಮೇಲೆ ಸರಿಹೋಯಿತಲ್ಲ ಎಂದು ನೀವು ಕೇಳಬಹುದು. ಹಾಕುವಾಗ ಮೆಕ್ಯಾನಿಕ್ ಟರ್ಮಿನಲನ್ನೂ ಉಜ್ಜಿ ಬಿಗಿ ಮಾಡಿರುತ್ತಾರೆ. ಗುಣ ಕಂಡದ್ದು ಅದರಿಂದಲೂ ಇರಬಹುದು. ಆಗಾಗ ಬರುವ ದೋಷ, ಗಾಡಿ ಸರಿಯಿದ್ದಾಗ ಸಿಗುವುದಿಲ್ಲ. ಮಳೆಯಲ್ಲೋ, ಇಂಜಿನ್ ಬಿಸಿಯಾದಾಗಲೋ, ಯಾವಾಗ ಕೈಕೊಡುತ್ತದೆಂದು ಗುರುತಿಟ್ಟು ಆ ಹೊತ್ತಿಗೇ ಅಳೆಯಬೇಕು. ಮನುಷ್ಯರ ಮುನಿಸಿಗೂ ಇದೇ ಕ್ರಮ ಸಲ್ಲುತ್ತದೆ. 'ಇವರ ಸ್ವಭಾವವೇ ಹೀಗೆ' ಎನ್ನುವ ಮೊದಲು, ಯಾವಾಗ ಹೀಗಾಗುತ್ತದೆ ಎಂದು ಗಮನಿಸೋಣ.