ಕುಲುಮೆಯಿಂದ ಕಾರ್ಖಾನೆಗೆ: ಒಂದು ಚೂರಿ ಕಲಿಸುವ ಪಾಠ

(ಕಕ್ಕಿಂಜೆಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾನು ಆರಿಸಿಕೊಂಡ ವಿಷಯ ಚೂರಿ. ಶಿಕ್ಷಣದ ಸಭೆಯಲ್ಲಿ ಇದೆಂತಹ ವಿಷಯ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಚೂರಿ ಎಂಬ ಪದ ಬಂದರೆ ಅದರ ಬೆನ್ನಿಗೇ ಇರಿತ ಎಂಬ ಪದವೂ ಬರುತ್ತದೆ. ಆದರೆ ಬೆಳಗ್ಗೆ ತರಕಾರಿ ಹೆಚ್ಚುವ ತಾಯಿಯ ಕೈಯಲ್ಲಿ, ಅಡಿಕೆ ತೋಟದ ಕೆಲಸಗಾರನ ಕೈಯಲ್ಲಿ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಕೈಯಲ್ಲಿ ಇರುವುದೂ ಅದೇ ಉಕ್ಕಿನ ಅಲಗು. ಪವಿತ್ರ ಕುರ್‌ಆನಿನ 57ನೇ ಅಧ್ಯಾಯದ ಹೆಸರೇ ಅಲ್ ಹದೀದ್, ಅಂದರೆ ಕಬ್ಬಿಣ. ಅದರ 25ನೇ ವಚನದಲ್ಲಿ ಕಬ್ಬಿಣದ ಮಹಾ ಶಕ್ತಿಯ ಜೊತೆಗೇ ಅದರಿಂದ ಮನುಷ್ಯರಿಗಿರುವ ಪ್ರಯೋಜನಗಳ ಪ್ರಸ್ತಾಪವಿದೆ. ಶಕ್ತಿಯನ್ನು ಪ್ರಯೋಜನದ ಕಡೆಗೆ ತಿರುಗಿಸುವುದೇ ವಿದ್ಯೆ. ಆದ್ದರಿಂದ ಈ ವಿಷಯ ನಮ್ಮದೇ.

ಮೊದಲು ಊರಿನ ಕುಲುಮೆಗೆ ಹೋಗೋಣ. ನಮ್ಮ ಕಡೆಯ ಆಚಾರಿಗಳು ಕತ್ತಿ ಮಾಡಲು ಹೆಚ್ಚಾಗಿ ಬಳಸುವುದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು. ಅದು ಒಳ್ಳೆಯ ಉಕ್ಕು. ಗೆರಟೆಯ ಇದ್ದಿಲಿನ ಬೆಂಕಿಗೆ ತಿದಿಯಿಂದ ಗಾಳಿ ಊದಿ, ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಆಕಾರ ಬಂದ ಮೇಲೆ ಮತ್ತೆ ಕಾಯಿಸಿ ಬಾಯಿಯ ಭಾಗವನ್ನು ನೀರಿಗೆ ಅದ್ದುತ್ತಾರೆ. ಆಗ ಉಕ್ಕು ಗಾಜಿನ ಹಾಗೆ ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಕಲ್ಲಿಗೆ ತಾಗಿದಾಗ ಚಕ್ಕೆ ಏಳುತ್ತದೆ. ಅದಕ್ಕಾಗಿ ಮತ್ತೆ ಸ್ವಲ್ಪವೇ ಬಿಸಿ ಕೊಟ್ಟು ಹದ ಮಾಡಬೇಕು. ತಿಕ್ಕಿ ಬೆಳ್ಳಗಾದ ಲೋಹದ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಓಡುತ್ತದೆ. ಹಳದಿ ಎಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ ಸುಮಾರು 300 ಡಿಗ್ರಿ. ಕುಲುಮೆಯಲ್ಲಿ ಉಷ್ಣಮಾಪಕವಿಲ್ಲ. ಆಚಾರಿಯ ಕಣ್ಣೇ ಉಷ್ಣಮಾಪಕ.

ಭಾಷಾ ಶಿಕ್ಷಕನಾದ ನನಗೆ ಇಲ್ಲಿ ಒಂದು ಪದ ನೆನಪಾಗುತ್ತದೆ. ಉರ್ದುವಿನಲ್ಲಿ ‘ಆಬ್’ ಎಂದರೆ ನೀರು. ಅಲಗಿನ ಹದಕ್ಕೂ ಹೊಳಪಿಗೂ ಅದೇ ಪದ. ಚೆನ್ನಾಗಿ ಹದಗೊಂಡ ಖಡ್ಗ ‘ಆಬ್‌ದಾರ್’. ಅಲಗನ್ನು ಉಜ್ಜಿ ಹೊಳಪು ಕೊಡುವವನಿಗೆ ಅರಬಿಯಲ್ಲಿ ‘ಸೈಖಲ್’ ಎನ್ನುತ್ತಾರೆ. ಕರ್ನಾಟಕದ ಸಿಕ್ಕಲಿಗಾರ ಸಮುದಾಯದ ಹೆಸರು ಬಂದದ್ದು ಆ ಪದದಿಂದಲೇ. ಕುಶಲಕರ್ಮಿಗಳು ಪುಸ್ತಕ ಬರೆಯದಿದ್ದರೂ ನಮ್ಮ ನಾಲಗೆಯ ಮೇಲೆ ಅವರ ಪದಗಳು ಉಳಿದಿವೆ.

ಇಂತಹ ಪದಗಳಲ್ಲೆಲ್ಲ ದೊಡ್ಡದು ನಮ್ಮ ಕನ್ನಡದ ‘ಉಕ್ಕು’. ಇಂಗ್ಲಿಷಿನ ವಿಜ್ಞಾನ ಗ್ರಂಥಗಳಲ್ಲಿ ‘ವೂಟ್ಸ್’ ಎಂಬ ಉಕ್ಕಿನ ಹೆಸರು ಕಾಣುತ್ತದೆ. ಅದು ‘ಉಕ್ಕು’ ಎಂಬುದರ ಬದಲಾದ ರೂಪ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ದಕ್ಷಿಣ ಭಾರತದ ಕಮ್ಮಾರರು ಮಣ್ಣಿನ ಚಿಕ್ಕ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆ ಹಾಕಿ, ಬಾಯಿ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಯಿಂದ ಇಂಗಾಲವು ಕಬ್ಬಿಣದೊಳಗೆ ಸೇರಿ ಉಕ್ಕು ಆಗುತ್ತಿತ್ತು. ಟಿಪ್ಪು ಸುಲ್ತಾನರ ಪತನದ ಬಳಿಕ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯ ಇಂತಹ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ದಾಖಲಿಸಿದ್ದಾರೆ.

ಈ ಉಕ್ಕಿನ ಕೀರ್ತಿ ಅದಕ್ಕೂ ಎಷ್ಟೋ ಮೊದಲೇ ಅರಬ್ ನಾಡುಗಳಿಗೆ ತಲುಪಿತ್ತು. ಅರಬ್ ಕವಿಗಳು ಉತ್ತಮ ಖಡ್ಗವನ್ನು ‘ಮುಹನ್ನದ್’ ಎಂದು ಕರೆದರು. ಅಂದರೆ ಹಿಂದ್ ದೇಶದ್ದು ಎಂದರ್ಥ. 9ನೇ ಶತಮಾನದ ತತ್ವಜ್ಞಾನಿ ಅಲ್ ಕಿಂದಿ ಖಡ್ಗಗಳ ಬಗೆಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ತತ್ವಜ್ಞಾನಿಯೊಬ್ಬರು ಕಮ್ಮಾರನ ಕೆಲಸವನ್ನು ಬರೆಯಲು ಯೋಗ್ಯವೆಂದು ಭಾವಿಸಿದ ಕಾಲ ಅದು. ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ.

ಇನ್ನು ಕಾರ್ಖಾನೆಯ ಕಡೆಗೆ ಬರೋಣ. ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗನ್ ಚೂರಿಗೆ ಹೆಸರಾದ ಊರುಗಳು. ಅಲ್ಲಿಯೂ ಆರಂಭ ಕೈಕೆಲಸದಿಂದಲೇ. ಬದಲಾವಣೆ ಒಂದೇ ದಿನ ಆದದ್ದಲ್ಲ, ನಾಲ್ಕು ಹೆಜ್ಜೆಗಳಲ್ಲಿ ಆಯಿತು.

ಮೊದಲ ಹೆಜ್ಜೆ ಕೆಲಸದ ಹಂಚಿಕೆ. ಬಡಿಯುವವನೊಬ್ಬ, ಸಾಣೆ ಹಿಡಿಯುವವನೊಬ್ಬ, ಹಿಡಿ ಕೂರಿಸುವವನೊಬ್ಬ. ಎರಡನೆಯದು ಶಕ್ತಿ. ಹೊಳೆಯ ನೀರಿನಿಂದ ತಿರುಗುವ ಚಕ್ರ, ಆಮೇಲೆ ಉಗಿಯಂತ್ರ ಸಾಣೆಕಲ್ಲನ್ನು ತಿರುಗಿಸಿದವು. ಮೂರನೆಯದು ಒಂದೇ ಗುಣಮಟ್ಟದ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಸ್ಪ್ರಿಂಗ್‌ಗೆ ಒಳ್ಳೆಯ ಉಕ್ಕು ಬೇಕೆಂದು ಶೆಫೀಲ್ಡ್ ಬಳಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡರು. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಕಬ್ಬಿಣದ ಮೂಲಕ ಗಾಳಿ ಹಾಯಿಸಿ ಟನ್‌ಗಟ್ಟಲೆ ಉಕ್ಕು ಮಾಡುವ ವಿಧಾನ ಪ್ರಕಟಿಸಿದರು. ನಾಲ್ಕನೆಯದು ತುಕ್ಕು ಹಿಡಿಯದ ಉಕ್ಕು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಾಗಿ ಪ್ರಯೋಗ ಮಾಡುತ್ತಾ ಕ್ರೋಮಿಯಂ ಬೆರೆತ ಉಕ್ಕನ್ನು ತಯಾರಿಸಿದರು. ಅದು ಬೇಗ ತುಕ್ಕು ಹಿಡಿಯುವುದಿಲ್ಲ ಎಂದು ಕಂಡು, ಚೂರಿಗೆ ಯೋಗ್ಯವೆಂದು ಗುರುತಿಸಿದರು. ಹೀಗೆ ಯುದ್ಧದ ಸಾಮಗ್ರಿಗಾಗಿ ಹುಡುಕಿದ ಲೋಹ ಊಟದ ಮೇಜಿಗೆ ಬಂತು.

ಇಂದಿನ ಕಾರ್ಖಾನೆಯಲ್ಲಿ ಸ್ಟೇನ್‌ಲೆಸ್ ಉಕ್ಕಿನ ತಗಡಿನಿಂದ ಯಂತ್ರವೇ ಅಲಗಿನ ಆಕಾರವನ್ನು ಕತ್ತರಿಸುತ್ತದೆ. ಸಾವಿರ ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ ನೂರಾರು ಅಲಗುಗಳು ಒಟ್ಟಿಗೆ ಕಾದು, ತಣಿದು, ಹದಗೊಳ್ಳುತ್ತವೆ. ಸಾಣೆಯೂ ಯಂತ್ರದ್ದೇ, ಹಿಡಿ ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್. ನಮ್ಮ ರಾಜ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮದಿಂದ ಭದ್ರಾವತಿಯ ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಪಕ್ಕದ ಸೇಲಂನಲ್ಲಿ 1980ರ ದಶಕದ ಆರಂಭದಲ್ಲಿ ಸ್ಟೇನ್‌ಲೆಸ್ ಉಕ್ಕಿನ ಸರಕಾರಿ ಕಾರ್ಖಾನೆ ಶುರುವಾಯಿತು. ಬಡವರ ಅಡುಗೆಮನೆಗೂ ಅಗ್ಗದ ಚೂರಿ ಬಂದದ್ದು ಇಂತಹ ಬದಲಾವಣೆಗಳಿಂದ.

ಆದರೆ ಇದಕ್ಕೆ ತೆತ್ತ ಬೆಲೆಯೂ ಉಂಟು. ಶೆಫೀಲ್ಡಿನಲ್ಲಿ ಒಣ ಸಾಣೆಕಲ್ಲಿನ ಮುಂದೆ ದಿನವಿಡೀ ಬಾಗಿ ಕುಳಿತವರ ಶ್ವಾಸಕೋಶಕ್ಕೆ ಕಲ್ಲಿನ ಧೂಳು ಹೊಕ್ಕಿತು. ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಯಂತ್ರದ ಲಾಭ ಎಣಿಸುವವರು ಕೆಲಸಗಾರನ ಉಸಿರನ್ನೂ ಎಣಿಸಬೇಕು.

ಈಗ ಮುಖ್ಯ ಪ್ರಶ್ನೆ. ಜಗತ್ತಿಗೇ ಮಾದರಿಯಾದ ಉಕ್ಕನ್ನು ಮಾಡಿದ ನಾಡಿನ ಆ ವಿದ್ಯೆ ಏಕೆ ಅಳಿಯಿತು? ಯುದ್ಧಗಳು, ಕಾಡಿನ ಇದ್ದಿಲಿನ ಕೊರತೆ, ಅಗ್ಗದ ಆಮದು ಉಕ್ಕು, ಹೀಗೆ ಕಾರಣಗಳು ಹಲವು. ಆದರೆ ನಾವು ಶಿಕ್ಷಕರು ನೋಡಬೇಕಾದ ಕಾರಣ ಇನ್ನೊಂದಿದೆ. ನಮ್ಮಲ್ಲಿ ಕೈ ಬಲ್ಲವನಿಗೆ ಪುಸ್ತಕ ಸಿಗಲಿಲ್ಲ, ಪುಸ್ತಕ ಬಲ್ಲವನು ಕುಲುಮೆಗೆ ಹೋಗಲಿಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ನಮ್ಮ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದರು. 1819ರಲ್ಲಿ ಮೈಕೆಲ್ ಫ್ಯಾರಡೆ ಅದರ ವಿಶ್ಲೇಷಣೆ ಪ್ರಕಟಿಸಿದರು. ಚೂರಿ ತಯಾರಕ ಜೇಮ್ಸ್ ಸ್ಟೋಡರ್ಟ್ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗವನ್ನೂ ನಡೆಸಿದರು. ವಿದ್ಯಾರ್ಥಿಗಳೇ, ಈ ಫ್ಯಾರಡೆ ಯಾರು ಗೊತ್ತೇ? ಒಬ್ಬ ಬಡ ಕಮ್ಮಾರನ ಮಗ. ಹೆಚ್ಚು ಶಾಲೆ ಕಲಿಯಲಾಗದೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಿದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು. ಅಲ್ಲಿ ಕಮ್ಮಾರನ ಮಗನ ಕೈಗೆ ಪುಸ್ತಕ ಸಿಕ್ಕಿತು. ವ್ಯತ್ಯಾಸ ಇಷ್ಟೇ.

ಕೈಕೆಲಸವನ್ನು ಕೀಳೆಂದು ಕಾಣುವುದು ನಮ್ಮ ದೀನ್ ಕಲಿಸಿದ್ದಲ್ಲ. ಸ್ವಂತ ಕೈಯ ದುಡಿಮೆಗಿಂತ ಉತ್ತಮ ಅನ್ನವಿಲ್ಲ, ಪ್ರವಾದಿ ದಾವೂದ್(ಅ) ಹಾಗೆಯೇ ಉಂಡರು ಎಂಬ ಆಶಯದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಮೊದಲ ಮುಸ್ಲಿಮರಲ್ಲಿ ಒಬ್ಬರಾದ ಹಝ್ರತ್ ಖಬ್ಬಾಬ್ ಬಿನ್ ಅರತ್ತ್(ರ) ಮಕ್ಕಾದಲ್ಲಿ ಕಮ್ಮಾರರಾಗಿದ್ದರು. ಅವರಿಗೆ ಸಲ್ಲಬೇಕಾದ ಹಣವನ್ನು ಕೊಡದೆ ಸತಾಯಿಸಿದ ಶ್ರೀಮಂತನ ಪ್ರಸಂಗ ಹದೀಸ್ ಗ್ರಂಥಗಳಲ್ಲಿ ಬಂದಿದೆ. ಪ್ರಾಣಿಯನ್ನು ಝಬಹ್ ಮಾಡುವಾಗ ಚೂರಿಯನ್ನು ಹರಿತಗೊಳಿಸಿ ಅದರ ನೋವನ್ನು ಕಡಿಮೆ ಮಾಡಬೇಕೆಂದು ಪ್ರವಾದಿ(ಸ) ಕಲಿಸಿದ್ದು ಸಹೀಹ್ ಮುಸ್ಲಿಮಿನಲ್ಲಿದೆ. ಮೂಕಪ್ರಾಣಿಯ ಮೇಲೂ ಇಷ್ಟು ಕರುಣೆ ಕಲಿಸಿದ ಧರ್ಮದ ಮಕ್ಕಳು ಮನುಷ್ಯನ ಮೇಲೆ ಚೂರಿ ಎತ್ತುವುದು ಹೇಗೆ ಸಾಧ್ಯ? ಯಾವ ಕಡೆಯವರು ಎತ್ತಿದರೂ ಅದು ತಪ್ಪೇ. ನಮ್ಮ ಹುಡುಗರಿಗೆ ನಾವು ಇದನ್ನು ಮನೆಯಲ್ಲೇ, ಮದ್ರಸದಲ್ಲೇ, ಶಾಲೆಯಲ್ಲೇ ಹೇಳಬೇಕು.

ಕೊನೆಯದಾಗಿ ಮೂರು ಮಾತು. ಪೋಷಕರೇ, ಮಗ ಐಟಿಐ ಅಥವಾ ಡಿಪ್ಲೊಮಾ ಸೇರುತ್ತೇನೆ ಎಂದರೆ ಮುಖ ಸಣ್ಣದು ಮಾಡಬೇಡಿ. ವೈದ್ಯನಾಗುವ ಮಗುವಿಗೂ ಫಿಟ್ಟರ್ ಆಗುವ ಮಗುವಿಗೂ ಒಂದೇ ಪ್ರೋತ್ಸಾಹವಿರಲಿ. ಹಿರಿಯರೇ, ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ಕೈಕಸುಬು ಕಲಿಯುವವರನ್ನು ಮರೆಯಬೇಡಿ. ವಿದ್ಯಾರ್ಥಿಗಳೇ, ರಜೆಯಲ್ಲಿ ಒಂದು ದಿನ ನೋಟ್‌ಬುಕ್ ಹಿಡಿದು ಹತ್ತಿರದ ಕುಲುಮೆಗೆ ಹೋಗಿ. ಆಚಾರಿಯವರನ್ನು ಗೌರವದಿಂದ ಕೇಳಿ. ಪ್ರತಿ ಉಪಕರಣದ ಹೆಸರನ್ನು ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಬರೆದುಕೊಳ್ಳಿ. ಉಕ್ಕಿನ ಬಣ್ಣ ನೋಡಿ ಬಿಸಿ ಹೇಳುವುದನ್ನು ಕಲಿತು ಬಂದು, ವಿಜ್ಞಾನದ ಶಿಕ್ಷಕರಲ್ಲಿ ಅದರ ಕಾರಣ ಕೇಳಿ. ತೋಟದ ಕತ್ತಿಯ ತೂಕವನ್ನು ಹಿಡಿಯುವವನ ಕೈ ನೋಡಿ ಮಾಡಿಕೊಡುವ ಆ ಜ್ಞಾನ ಇನ್ನೂ ನಮ್ಮ ನಡುವೆ ಇದೆ. ಅದನ್ನು ಬರೆದಿಡುವವರು ನೀವೇ ಆಗಬೇಕು.

ಕೈಗೆ ಕಸುಬನ್ನೂ ಮನಸ್ಸಿಗೆ ಅರಿವನ್ನೂ ಹೃದಯಕ್ಕೆ ಕರುಣೆಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ, ಆಮೀನ್.