ಹನ್ನೊಂದು, ಹತ್ತೊಂಬತ್ತು, ನಲವತ್ಮೂರು

2024ರ ಜನವರಿ 27, ಮೆಲ್ಬರ್ನ್. ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ, ಜೊತೆಗೆ ಮ್ಯಾಥ್ಯೂ ಎಬ್ಡೆನ್. 7-6, 7-5. ಗೆದ್ದೇಬಿಟ್ಟರು. ಆಗ ಬೋಪಣ್ಣನ ವಯಸ್ಸು 43. ಎರಡೇ ದಿನದಲ್ಲಿ ಡಬಲ್ಸ್ ವಿಶ್ವ ನಂಬರ್ ಒನ್! ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಏರಿದವರು ಅಲ್ಲಿವರೆಗೆ ಇನ್ನೊಬ್ಬರಿರಲಿಲ್ಲ.

43 ಅನ್ನೋ ಸಂಖ್ಯೆ ಎಲ್ಲ ಚಾನೆಲ್‌ಗಳಲ್ಲೂ ಓಡ್ತು. ನನಗೆ ಮುಖ್ಯ ಅನ್ನಿಸೋದು ಅದರ ಹಿಂದಿನ ಎರಡು ಸಂಖ್ಯೆಗಳು: 11 ಮತ್ತು 19.

ಬೋಪಣ್ಣ ರಾಕೆಟ್ ಹಿಡಿದದ್ದು 11ನೇ ವಯಸ್ಸಿಗೆ. ಕೊಡಗು ಅಂದ್ರೆ ಹಾಕಿ ಸ್ವಾಮಿ, ಅಲ್ಲಿ ಮನೆಮನೆಯಲ್ಲೂ ಹಾಕಿ ಸ್ಟಿಕ್. ಈ ಹುಡುಗನಿಗೂ ಹಾಕಿ, ಫುಟ್‌ಬಾಲ್ ಇಷ್ಟವೇ. ಆದರೆ ಮಗ ಒಬ್ಬನೇ ನಿಂತು ಆಡೋ ಆಟ ಕಲೀಲಿ ಅಂತ ತಂದೆಗೆ ಆಸೆ. ಇವತ್ತಿನ ಅಕಾಡೆಮಿಗಳಲ್ಲಿ ಐದಾರು ವರ್ಷದ ಮಕ್ಕಳೇ ಸಾಲಾಗಿ ನಿಂತಿರ್ತಾರೆ. ಆ ಲೆಕ್ಕದಲ್ಲಿ 11 ಅಂದ್ರೆ ಬಸ್ ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ.

ಜಿಮ್ ಯಾವುದು? ಕಾಫಿ ತೋಟ. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆದದ್ದು, ದಮ್ಮು ಬರಲಿ ಅಂತ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಕೋರ್ಟಿನಲ್ಲಿ ಆಡಿದ್ದು, ಇದನ್ನೆಲ್ಲ 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸುವಾಗ ಅವರೇ ನೆನೆಸಿಕೊಂಡರು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದರಲ್ಲಿ ಲೆಕ್ಕ ಇದೆ. ಕೊಡಲಿ ಏಟಿಗೂ ಸರ್ವ್‌ಗೂ ಶಕ್ತಿ ಬರೋದು ಬರೀ ತೋಳಿಂದಲ್ಲ. ಕಾಲು, ಸೊಂಟ, ಭುಜ, ಆಮೇಲೆ ಮಣಿಕಟ್ಟು. ನಮ್ಮ ಕೊಕಟನೂರ ಕಡೆ ಕಟ್ಟಿಗೆ ಒಡೆಯೋ ಯಾವ ಅಜ್ಜನನ್ನ ಕೇಳಿದ್ರೂ ಇದನ್ನೇ ಹೇಳ್ತಾನೆ, ಬಯೋಮೆಕ್ಯಾನಿಕ್ಸ್ ಅನ್ನೋ ಪದ ಒಂದು ಬಿಟ್ಟು.

ಇನ್ನು 19. ಟೆನಿಸ್ಸೇ ನನ್ನ ದಾರಿ ಅಂತ ಗಟ್ಟಿಯಾಗಿ ತೀರ್ಮಾನಿಸಿದ ವಯಸ್ಸು ಅದು. ಪುಣೆಯ ನಂದನ್ ಬಾಳ್ ಹತ್ತಿರ ತರಬೇತಿ. 2003ರಲ್ಲಿ ವೃತ್ತಿಪರ. 30ಕ್ಕೆ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್, ಸೋಲು. ಮೊದಲ ಗ್ರ್ಯಾಂಡ್ ಸ್ಲಾಮ್, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಬಂದದ್ದು 2017ರಲ್ಲಿ. ಅಷ್ಟೊತ್ತಿಗೆ 37 ವರ್ಷ! ಆಮೇಲೆ ಮಂಡಿ ಸವೆಯಿತು. 2021ರಲ್ಲಿ ತಿಂಗಳುಗಟ್ಟಲೆ ಬರೀ ಸೋಲು, ಆಟ ಬಿಡೋ ಯೋಚನೆ. ಮಂಡಿ ಉಳಿಸಿದ್ದು ಅಯ್ಯಂಗಾರ್ ಯೋಗ. ಅದನ್ನ ರೂಪಿಸಿದವರೂ ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದವರೇ, ಇರಲಿ.

ಈಗ ನಮ್ಮೂರಿಗೆ ಬನ್ನಿ. ಹುಡುಗ ಒಂಬತ್ತನೇತ್ತೆ ಮುಗಿಸಿದ ಕೂಡಲೇ ಏನಂತೀವಿ? "ಆಟ ಸಾಕ್ ಮಾಡೋ, ಎಸ್ಸೆಸ್ಸೆಲ್ಸಿ ಬಂತು." ಹುಡುಗಿಗೆ ಇನ್ನೂ ಎರಡು ವರ್ಷ ಮೊದಲೇ ಅಂತೀವಿ. ಬೋಪಣ್ಣ ಟೆನಿಸ್ ಅಂತ ತೀರ್ಮಾನ ಮಾಡಿದ ವಯಸ್ಸಿಗೆ ನಮ್ಮ ಹುಡುಗ್ರು ಆಟ ಬಿಟ್ಟು ನಾಲ್ಕು ವರ್ಷ ಆಗಿರುತ್ತೆ.

ಹಂಗಂತ ಪೂರ್ತಿ ತಂದೆ-ತಾಯಿ ಮೇಲೆ ಹಾಕೋಕೂ ಆಗಲ್ಲ. ಬೋಪಣ್ಣನ ಕಥೆಯನ್ನ ಬಡಹುಡುಗನ ಕಥೆ ಮಾಡಿದ್ರೆ ಅದು ಸುಳ್ಳು. ತಂದೆ ಕಾಫಿ ಬೆಳೆಗಾರರು. ಕಾಯೋ ಶಕ್ತಿ ಆ ಮನೆಗಿತ್ತು. ಬಿರುಕು ಬಿಟ್ಟದ್ದಾದರೂ ಕೋರ್ಟ್ ಅಂತ ಒಂದಿತ್ತು. ಕಬ್ಬಿನ ಬಿಲ್ ಯಾವಾಗ ಬರುತ್ತೋ ಅಂತ ಕಾಯೋ ಮನೆ ಮಗನಿಗಾಗಿ ಎಷ್ಟು ವರ್ಷ ಕಾದೀತು?

ಅದಕ್ಕೇ ಈ ಪ್ರಶ್ನೆ ಸರ್ಕಾರಕ್ಕೆ. ಟೆನಿಸ್ ಕೋರ್ಟ್ ಅಂದ್ರೆ ಸುತ್ತಲಿನ ಜಾಗವೂ ಸೇರಿ 120 ಅಡಿ ಉದ್ದ, 60 ಅಡಿ ಅಗಲ. ನಮ್ಮ ಭಾಷೆಯಲ್ಲಿ ಏಳು ಗುಂಟೆಯೂ ಬೇಕಿಲ್ಲ. ಅಥಣಿ ತಾಲೂಕಿನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಏಳು ಗುಂಟೆ ಎಲ್ಲಿ ಕೊಡ್ತೀರಿ? ಕಲಿಸೋಕೆ ಯಾರನ್ನ ಕಳಿಸ್ತೀರಿ? ಯಾವ ತಿಂಗಳು?